ಐದು ವರ್ಷದ ಟೈರು

ಸಿಂಧನೂರು

ಪರದೇಶಕ್ಕೆ ಹೋಗಿ ಬಂದವರೆಲ್ಲ ವಿಮಾನದಿಂದ ಕಥೆ ಶುರುಮಾಡುತ್ತಾರೆ. ನನ್ನ ಕಥೆ ಸಿಂಧನೂರು ಬಸ್‌ಸ್ಟ್ಯಾಂಡಿನಿಂದಲೇ ಶುರುವಾಗಬೇಕು, ಯಾಕೆಂದರೆ ಅಲ್ಲಿಗೆ ಬರುವಷ್ಟರಲ್ಲಿ ನಾನು ಅರ್ಧ ಸೋತಿದ್ದೆ. ಮಸ್ಕಿಯಿಂದ ಬಂದು ಬೊಂಬಾಯಿ ಬಸ್ಸಿಗಾಗಿ ಟ್ರಂಕಿನ ಮೇಲೆ ಕುಳಿತಿದ್ದೆ. ಟ್ರಂಕಿನಲ್ಲಿ ನನ್ನ ಸೀರೆಗಳಿಗೆ ಸಿಕ್ಕಿದ್ದು ಒಂದು ಮೂಲೆ. ಉಳಿದದ್ದೆಲ್ಲ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಪುಡಿ, ಮತ್ತೆ ದಢೇಸುಗೂರಿನಿಂದ ನನ್ನ ನಾದಿನಿ ಕಟ್ಟಿಕೊಟ್ಟ ಅಕ್ಕಿಯ ಗಂಟು. ಪರದೇಶದಲ್ಲೂ ಅಕ್ಕಿ ಸಿಗುತ್ತದೆ ಎಂದರೆ ಅವಳು ಕೇಳಿರಲಿಲ್ಲ. "ಸಿಗತಾವ, ಆದ್ರ ನಮ್ಮ ಕಾಲುವಿ ನೀರು ಕುಡದಾವೇನು ಅವು?" ಎಂದು ಬಾಯಿ ಮುಚ್ಚಿಸಿದ್ದಳು.

ಇದು ತೊಂಬತ್ತೈದರ ಬೇಸಿಗೆ ರಜೆಯ, ಅಂದರೆ ಹೋದ ವರ್ಷದ ಮಾತು. ನಾನು ಮಸ್ಕಿಯ ಶಾಲೆಯಲ್ಲಿ ಭೂಗೋಳ ಕಲಿಸುತ್ತೇನೆ. ಹೊರಡುವ ಮುಂಚೆ ಸ್ಟಾಫ್ ರೂಮಿನಲ್ಲಿ ಎಲ್ಲರೂ ಒಂದೊಂದು ಹೇಳಿದರು. ಒಬ್ಬರಿಗೆ ಅತ್ತರು ಬೇಕು, ಒಬ್ಬರಿಗೆ ಟೇಪ್‌ರೆಕಾರ್ಡರ್, ಹೆಡ್‌ಮಾಸ್ತರರಿಗೆ ಗಡ್ಡ ಹೆರೆಯುವ ಮಷಿನ್ನು. ನಾನು ತರಬೇಕೆಂದು ಹೊರಟದ್ದು ಒಂದೇ ಒಂದು: ನನ್ನ ಗಂಡನನ್ನು.

ನಮ್ಮವರ ಹೆಸರು ಅಮರೇಶ. ಒಮಾನ್ ದೇಶದ ಒಂದು ಕಂಪನಿಗೆ ಡ್ರೈವರ್ ಆಗಿ ಹೋಗಿ ಒಂಬತ್ತು ವರ್ಷವಾಗಿತ್ತು. ರಜೆಗೆ ಬಂದಾಗಲೆಲ್ಲ "ಇನ್ನೊಂದ ವರ್ಷ" ಎಂದು ಹೇಳಿ ಹೋಗುತ್ತಿದ್ದರು. ಅವರಂಥ ಕೆಲಸದವರು ಅಲ್ಲಿ ಹೆಂಡತಿಯನ್ನು ಇಟ್ಟುಕೊಳ್ಳುವಂತಿಲ್ಲ. ನನಗೆ ಸಿಕ್ಕದ್ದು ರಜೆಯ ಮಟ್ಟಿಗೆ ಹೋಗಿ ನೋಡಿ ಬರುವ ಪರವಾನಗಿ. ನಮಗೆ ಮಕ್ಕಳಿಲ್ಲ. ಎದುರಿಗೆ ಕೂರಿಸಿಕೊಂಡು ಒಮ್ಮೆ ಕೇಳಿಬಿಡಬೇಕು, ಬರುತ್ತೀರೋ ಇಲ್ಲವೋ ಎಂದು. ಯಾವ ಉತ್ತರ ಬಂದರೂ ಸರಿ, ಕಾಯುವುದು ಮುಗಿಯಲಿ ಎಂದು ನಿರ್ಧರಿಸಿದ್ದೆ. ಬಸ್ಸು ತಡವಾಗಿ ಬಂತು. ಕಾಯುವುದು ನನಗೇನು ಹೊಸದಾಗಿರಲಿಲ್ಲ.

ಮಸ್ಕತ್

ವಿಮಾನದ ಬಗ್ಗೆ ಹೇಳುವಂಥದ್ದೇನೂ ಇಲ್ಲ. ಪಕ್ಕದ ಸೀಟಿನಾತ ಹತ್ತುತ್ತಲೇ ಕಂಬಳಿ ಹೊದ್ದುಕೊಂಡವನು ಇಳಿಯುವಾಗ ಎದ್ದ. ಹೊರಗೆ ಬಂದು ನಿಂತಿದ್ದೆ. ಕಪ್ಪು ಕನ್ನಡಕದ, ತಲೆಗೆ ಚೌಕುಳಿ ಬಟ್ಟೆ ಸುತ್ತಿದ ಗಡ್ಡದ ಮನುಷ್ಯನೊಬ್ಬ ಬಂದು ಏನೂ ಹೇಳದೆ ನನ್ನ ಟ್ರಂಕಿಗೆ ಕೈಹಾಕಿದ.

"ಏ ಅಪ್ಪಾ, ಬಿಡು! ನನ್ನ ಗಂಡ ಬರಾಕತ್ತಾನ!" ಎಂದು ಕೂಗಿ ಟ್ರಂಕು ಎಳೆದುಕೊಂಡೆ.

ಆತ ಕನ್ನಡಕ ತೆಗೆದ. "ಬಂದಾನ ತಗೋ," ಎಂದ.

ಇಬ್ಬರೂ ನಕ್ಕೆವು. ನಗುತ್ತಿದ್ದಂತೆಯೇ, ಕಟ್ಟಿಕೊಂಡ ಗಂಡನನ್ನು ಗುರುತಿಸಲಾಗದಷ್ಟು ದೂರ ನಾವು ಬಂದುಬಿಟ್ಟಿದ್ದೆವೇ ಎನಿಸಿತು. ಬಹುಶಃ ಅವರಿಗೂ ಎನಿಸಿರಬೇಕು, ಟ್ರಂಕು ಹೊತ್ತು ಗಾಡಿಯ ಕಡೆಗೆ ಮುಂದೆ ಮುಂದೆ ನಡೆದರು.

ಗಾಡಿ ಬಿಳಿ ಬಣ್ಣದ ಪಿಕಪ್ಪು. ಮುಂದೆ ಇಬ್ಬರು ಕೂರುವ ಜಾಗ, ಹಿಂದೆ ತೆರೆದ ತೊಟ್ಟಿ. ನಾನು ನಮ್ಮೂರಿನ ರೂಢಿಯಂತೆ ಎಡಗಡೆಯ ಬಾಗಿಲು ತೆಗೆದು ಹತ್ತಿ ಕೂತೆ. ಎದುರಿಗೆ ಸ್ಟಿಯರಿಂಗು! ಅಲ್ಲಿ ಎಲ್ಲವೂ ತಿರುವುಮುರುವು, ಡ್ರೈವರ್ ಎಡಕ್ಕೆ, ಗಾಡಿ ಬಲಕ್ಕೆ.

"ನೀನಽ ಹೊಡೀತಿ ಏನು?" ಎಂದು ಬಾಗಿಲ ಬಳಿ ನಿಂತು ಕೇಳಿದರು.

"ಹೊಡೀತೀನಿ. ಮರತೀನಿ ಅಂದ್ಕೊಂಡೀರೇನು?"

ಮದುವೆಯಾದ ಹೊಸತರಲ್ಲಿ ಅವರು ದಢೇಸುಗೂರಿನಲ್ಲಿ ಬೇರೆಯವರ ಟ್ರ್ಯಾಕ್ಟರ್ ಬಾಡಿಗೆಗೆ ಹೊಡೆಯುತ್ತಿದ್ದರು. ನಾಟಿಗೆ ಮುಂಚೆ ನೀರು ನಿಲ್ಲಿಸಿದ ಗದ್ದೆಯಲ್ಲಿ, ಮೊಣಕಾಲುದ್ದದ ಎರೆ ಕೆಸರಿನಲ್ಲಿ, ನನಗೂ ಕಲಿಸಿದ್ದರು. ನೋಡಿದ ಹೆಂಗಸರು ಬಾಯಿಗೆ ಸೆರಗು ಇಟ್ಟುಕೊಂಡು ನಗುತ್ತಿದ್ದರು. ಅದನ್ನು ನೆನಪಿಸಿದೆ. ಅವರ ಮುಖ ಸ್ವಲ್ಪ ಸಡಿಲವಾಯಿತು.

ಊರು ದಾಟಿದ ಮೇಲೆ ಹೇಳಿದೆ, "ಕಂಪನಿ ಗಾಡಿ ಛಲೋ ಐತಿ."

"ಕಂಪನೀದಲ್ಲ. ಅದನ್ನ ಬಿಟ್ಟೆ. ಕಾಗದದ ಮ್ಯಾಲ ಒಬ್ಬ ಅರಬನ ಹೆಸರೈತಿ, ಖರೇ ನಂದಽ ಗಾಡಿ. ಮರಳಾಗಿನ ಮಂದಿಗೆ ನೀರು, ಮೇವು ಒಯ್ಯತೀನಿ."

ಇನ್ನೊಂದು ವರ್ಷ ಇರುವವನು ಸ್ವಂತ ಗಾಡಿ ಯಾಕೆ ಕೊಂಡ? ಬಾಯಿ ತುದಿಗೆ ಬಂದ ಪ್ರಶ್ನೆ ನುಂಗಿಕೊಂಡೆ. ಇಳಿದ ಮೊದಲ ದಿನವೇ ಜಗಳ ಬೇಡವೆಂದು ಕಿಟಕಿಯ ಹೊರಗೆ ನೋಡುತ್ತ ಕುಳಿತೆ. ಗುಡ್ಡಗಳೆಲ್ಲ ಬೋಳು. ಲಿಂಗಸುಗೂರು ಕಡೆಯ ಬಂಡೆಗುಡ್ಡಗಳಲ್ಲಾದರೂ ಸಂದಿಗೊಂದು ಜಾಲಿ ಕಂಟಿ ಇರುತ್ತದೆ. ಇಲ್ಲಿ ಅದೂ ಇರಲಿಲ್ಲ.

ಸಿನಾವ್

ಸಿನಾವ್ ಎಂಬುದು ಮರಳುಗಾಡಿನ ಅಂಚಿಗಿರುವ ಸಂತೆಯೂರು. ಅಲ್ಲಿ ಅವರದು ಒಂದು ಕೋಣೆ. ಒಂದು ಮಂಚ, ಒಂದು ತಟ್ಟೆ, ಒಂದು ಲೋಟ. ಮೊದಲ ಊಟಕ್ಕೆ ಅವರು ತಟ್ಟೆಯನ್ನು ನನಗೆ ಕೊಟ್ಟು ತಾವು ಪಾತ್ರೆಯ ಮುಚ್ಚಳದಲ್ಲಿ ಅನ್ನ ಹಾಕಿಕೊಂಡರು. ಒಂಬತ್ತು ವರ್ಷದಲ್ಲಿ ಈ ಮನುಷ್ಯನ ಜೊತೆ ಊಟಕ್ಕೆ ಕೂರುವ ಇನ್ನೊಬ್ಬರಿರಲಿಲ್ಲ ಎಂದು ಆ ಮುಚ್ಚಳ ನೋಡಿದಾಗ ತಿಳಿಯಿತು. ನನಗೆ ಅಳು ಬಂತು. ಹಿಂಡಿ ಖಾರವಾಯಿತು ಎಂದು ಹೇಳಿ ನೀರು ಕುಡಿದೆ.

ಅವರು ನಸುಕಿನಲ್ಲೇ ಗಾಡಿ ತೆಗೆದುಕೊಂಡು ಹೋಗುತ್ತಿದ್ದರು, ಬರುವುದು ಹೊತ್ತು ಮುಳುಗುವಾಗ. ಅಲ್ಲಿಯವರೆಗೆ ಕೋಣೆಯಲ್ಲಿ ನಾನು, ಗುರುಗುಟ್ಟುವ ಎ.ಸಿ. ಮಷಿನ್ನು. ನಮ್ಮ ಕಡೆಯ ಬಿಸಿಲು ತಿಂದವಳು ನಾನು, ಬಿಸಿಲಿಗೆ ಹೆದರಲಿಲ್ಲ. ಮಾತಿಲ್ಲದೆ ಒದ್ದಾಡಿದೆ. ಮಸ್ಕಿಯಲ್ಲಿ ಒಬ್ಬಳೇ ಇದ್ದರೂ ಹಾಲಿನವನ ಜೊತೆ ಜಗಳ, ಪಕ್ಕದ ಮನೆಯವಳ ಜೊತೆ ಚಾಡಿ, ಏನಾದರೊಂದು ನಡೆದಿರುತ್ತದೆ. ಇಲ್ಲಿ ತಡೆಯಲಾರದೆ ಒಂದು ದಿನ ಸಂತೆಗೆ ಹೋದೆ. ಮೂಗು ಹಣೆ ಮುಚ್ಚುವ ಗಟ್ಟಿ ಮುಖವಾಡ ಕಟ್ಟಿಕೊಂಡ ಹೆಂಗಸರು ಮೇಕೆಗಳನ್ನು ಹಗ್ಗ ಹಿಡಿದು ಸುತ್ತಿಸುತ್ತಿದ್ದರು. ಒಬ್ಬಾಕೆ ನನ್ನ ಬಳೆ ಹಿಡಿದು ಅರಬ್ಬಿಯಲ್ಲಿ ಏನೋ ಕೇಳಿದಳು. "ಸಿಂಧನೂರಾಗ ತಗೊಂಡಿದ್ದು," ಎಂದು ನಾನು ಕನ್ನಡದಲ್ಲಿ ಹೇಳಿದೆ. ಅವಳು ತಲೆಯಾಡಿಸಿದಳು. ಆ ವಾರದಲ್ಲಿ ನಾನು ಆಡಿದ ಅತಿ ದೊಡ್ಡ ಸಂಭಾಷಣೆ ಅದೇ.

ಗಂಡ ಮನೆಗೆ ಬಂದ ಮೇಲಾದರೂ ಮಾತಾಡುತ್ತಾರೆಂದರೆ, ಬಂದವರು ಮೊದಲು ಟಾರ್ಚು ಹಿಡಿದು ಟೈರು ನೋಡುತ್ತಿದ್ದರು. ಬೆರಳಿನಿಂದ ಸವರಿ, ಕಲ್ಲು ಕಿತ್ತು, ಹಂಡೆಯ ತಳ ನೋಡುವ ಹೆಂಗಸಿನಂತೆ ಮುಖ ಕಿವಿಚುತ್ತಿದ್ದರು. ನಾಲ್ಕೂ ಸವೆದು ಹೋಗಿದ್ದವು. ಹೊಸದು ಹಾಕಿಸಲು ಹೊರಟಾಗ ನಾನೂ ಬರುತ್ತೇನೆಂದೆ.

ಟೈರಿನ ಅಂಗಡಿ

ಅಂಗಡಿಯಲ್ಲಿ ಟೈರು ಜೋಡಿಸುವವರು ಖಾಜಾಸಾಬರು, ನಮ್ಮ ಲಿಂಗಸುಗೂರಿನವರು. ನಾನು ಮಸ್ಕಿಯವಳೆಂದು ಕೇಳಿದ್ದೇ ಕೈಯಲ್ಲಿದ್ದ ಬೋಲ್ಟು ಬಿಚ್ಚುವ ಪಾನಾ ಕೆಳಗಿಟ್ಟರು.

"ಅಲ್ಲಾ! ಮಸ್ಕಿಯವ್ರೇನ್ರೀ? ಬಸ್‌ಸ್ಟ್ಯಾಂಡ್ ಎದುರಿಗೆ ಒಬ್ಬಾಕಿ ಮಿರ್ಚಿ ಕರೀತಿದ್ಲಲ್ಲ, ನಮ್ಮ ಲಿಂಗಸುಗೂರಾಗ, ಅದಾಳೇನ್ರೀ ಇನ್ನಾ?"

ನನಗೆ ಗೊತ್ತಿರಲಿಲ್ಲ. "ಅದಾಳ, ಈಗ ಎರಡು ಒಲಿ ಹಚ್ಯಾಳ," ಎಂದು ಸುಳ್ಳು ಹೇಳಿದೆ. ಅವರ ಮುಖ ಅರಳಿತು. ಅಲ್ಲಿಂದ ಮುಂದೆ ಅವರು ನನ್ನನ್ನೇ ಗಿರಾಕಿ ಎಂದು ತಿಳಿದು ಎಲ್ಲವನ್ನೂ ನನಗೇ ತೋರಿಸಿದರು.

ಮೊದಲು ತೋರಿಸಿದ್ದು ಅಗಲವಾದ, ಹೆಚ್ಚುಕಡಿಮೆ ನುಣುಪಾದ ಟೈರು. ಬರೀ ಮರಳಿನಲ್ಲೇ ಓಡಾಡುವವರಿಗೆ ಅದು; ಆದರೆ ಒಣಗಿದ ಹಳ್ಳದ ಚೂಪು ಕಲ್ಲಿಗೆ ಅದರ ಕೆನ್ನೆ, ಅಂದರೆ ಪಕ್ಕದ ಮೈ, ಹರಿಯುತ್ತದಂತೆ. ಎರಡನೆಯದನ್ನು ನೋಡಿದೊಡನೆ ನನಗೆ ತವರಿನವರು ಸಿಕ್ಕಂತಾಯಿತು. ದಪ್ಪ ದಪ್ಪ ಹಲ್ಲು, ಹಲ್ಲುಗಳ ನಡುವೆ ಅಂಗೈ ಇಡುವಷ್ಟು ಸಂದು. ನಮ್ಮ ಎರೆ ಮಣ್ಣಿಗೆ ಇಂಥದ್ದೇ ಬೇಕು. ಕೆಸರು ಅಂಟಿದರೂ ಕೊಡವಿಕೊಂಡು ನೆಲ ಕಚ್ಚುತ್ತದೆ.

ಮೂರನೆಯದು ಇವೆರಡರ ನಡುವಿನದು. ಹಲ್ಲುಂಟು, ಆದರೆ ಒತ್ತೊತ್ತಾಗಿ. ಖಾಜಾಸಾಬರು ಅದರ ಬೆನ್ನು ತಟ್ಟಿದರು.

"ಇದಕ್ಕ ಆಲ್ ಟೆರೇನ್ ಅಂತಾರ್ರೀ ಅಕ್ಕಾರ. ಎಲ್ಲಾ ನೆಲಕ್ಕೂ ನಡಿಯೂ ಟೈರು. ಟಾರ್ ಮ್ಯಾಲ ಒದರಂಗಿಲ್ಲ, ಕಲ್ಲಾಗ ಹರಿಯಂಗಿಲ್ಲ, ಮರಳಾಗ ಜರಾ ಹವಾ ಇಳಿಸಿದ್ರ ಮುಣುಗಂಗಿಲ್ಲ. ಅಮರೇಶಣ್ಣನ ಹಾದ್ಯಾಗ ಮೂರೂ ಬರತಾವ. ಕಣ್ಣು ಮುಚ್ಚಿ ಹಾಕಿಸ್ರಿ. ಐದು ವರ್ಷ ಬೇಫಿಕೀರ್."

"ಎಷ್ಟು ವರ್ಷ?"

"ಐದ್ರೀ."

ನಾನು ನಮ್ಮವರ ಕಡೆ ನೋಡಿದೆ. ಅವರು ಕುಕ್ಕರಗಾಲಿನಲ್ಲಿ ಕೂತು ಟೈರಿನ ಒಳಮೈ ನೋಡತೊಡಗಿದರು. ಆ ಒಳಮೈಯಲ್ಲಿ ನೋಡುವಂಥದ್ದೇನೂ ಇರಲಿಲ್ಲ.

"ಇವರು ಇಲ್ಲಿರೂದು ಇನ್ನೊಂದ ವರ್ಷ," ಎಂದೆ ಖಾಜಾಸಾಬರಿಗೆ. "ಒಂದ ವರ್ಷಕ್ಕ ಸವಿಯೂ ಟೈರು ಯಾವ್ದೈತ್ರಿ?"

ಖಾಜಾಸಾಬರು ಒಮ್ಮೆ ಅವರನ್ನು, ಒಮ್ಮೆ ನನ್ನನ್ನು ನೋಡಿದರು. ಆಮೇಲೆ ಮನಸ್ಸಿಲ್ಲದ ಮನಸ್ಸಿನಿಂದ ದಪ್ಪ ಹಲ್ಲಿನದರ ಕಡೆ ಕೈ ತೋರಿಸಿದರು. "ಈ ಸುಡೂ ಟಾರಿನ ಮ್ಯಾಲ ಅದು ವರ್ಷದಾಗ ಬೋಳಾಗತೈತ್ರಿ. ಆದ್ರ ಅಕ್ಕಾರ, ಅದು ಕೆಸರಿನ ಟೈರು. ಇಲ್ಲೆಲ್ಲಿ ಕೆಸರೈತ್ರಿ?"

"ಅದನ್ನಽ ಹಾಕ್ರಿ."

"ಅಣ್ಣಾ, ನೀನರ ಹೇಳೋ."

ನಮ್ಮವರು ಎದ್ದು ಪ್ಯಾಂಟು ಕೊಡವಿಕೊಂಡರು. "ಆಗಲಿ ಬಿಡು ಖಾಜಾ. ಮನಿಯಾಕಿ ಅಷ್ಟು ದೂರದಿಂದ ಬಂದಾಳ, ಅಕಿ ಆರಿಸಿದ್ದು ಹಾಕು."

ಗೆದ್ದೆನೆಂದುಕೊಂಡು ಅಂಗಡಿಯಿಂದ ಹೊರಬಿದ್ದೆ. ಅವರು ಒಂದು ವರ್ಷದ ಟೈರಿಗೆ ಒಪ್ಪಿದರೆಂದರೆ ಒಂದು ವರ್ಷಕ್ಕೇ ಒಪ್ಪಿದಂತೆ ಎಂದು ನನ್ನ ಲೆಕ್ಕ.

ಮರಳು

ಮರುದಿನ ನನ್ನನ್ನೂ ಕರೆದುಕೊಂಡು ಹೊರಟರು. ಹಿಂದೆ ನೀರಿನ ಟ್ಯಾಂಕಿ, ಅದರ ಮೇಲೆ ಹಸಿ ಮೇವಿನ ಕಟ್ಟು. ಟಾರು ರಸ್ತೆಯಲ್ಲಿ ನನ್ನ ಟೈರುಗಳು ಹಿಟ್ಟಿನ ಗಿರಣಿಯ ಹಾಗೆ ಒದರಿದವು. ಬರುತ್ತೀರೋ ಇಲ್ಲವೋ ಕೇಳಬೇಕೆಂದು ಬಾಯಿ ತೆರೆದರೆ ನನ್ನ ದನಿ ನನಗೇ ಕೇಳಿಸಲಿಲ್ಲ.

ಮರಳು ಶುರುವಾಗುವಲ್ಲಿ ಗಾಡಿ ನಿಲ್ಲಿಸಿ ನಾಲ್ಕೂ ಟೈರಿನ ಗಾಳಿ ಬಿಡತೊಡಗಿದರು. ನಮ್ಮಲ್ಲಿ ಭತ್ತ ಹೇರುವ ಮುಂಚೆ ಟೈರು ಕಲ್ಲಾಗುವಂತೆ ಗಾಳಿ ತುಂಬುತ್ತಾರೆ. ಸ್ವಲ್ಪ ಚಪ್ಪಟೆಯಾಗಿದ್ದರೂ ದಾರಿಯಲ್ಲಿ ಹೋಗುವವರು ಕೂಗಿ ಹೇಳುತ್ತಾರೆ. ಇಲ್ಲಿ ಬೇಕೆಂದೇ ಇಳಿಸುತ್ತಾರೆ. ಟೈರು ಹರಡಿಕೊಂಡರೆ ಮರಳಿನ ಮೇಲೆ ತೇಲುತ್ತದಂತೆ. ಇವರು ಎಷ್ಟು ಇಳಿಸಿದರೂ ನನ್ನ ಕೆಸರಿನ ಟೈರು ಹರಡಿಕೊಳ್ಳಲಿಲ್ಲ. ಅವರು ಹಲ್ಲು ಕಚ್ಚಿ ಗಾಡಿ ಮುಂದೆ ಬಿಟ್ಟರು.

ಮರಳನ್ನು ನಾನು ಎಷ್ಟೋ ವರ್ಷ ಬೋರ್ಡಿನ ಮೇಲೆ ಬರೆದು ಕಲಿಸಿದ್ದೆ. ಅದಕ್ಕೆ ಬಣ್ಣವಿದೆಯೆಂದು ಗೊತ್ತಿರಲಿಲ್ಲ. ಕಣ್ಣು ಮುಟ್ಟುವವರೆಗೂ ಕೆಂಪು ದಿಬ್ಬ, ಒಂದು ಹಕ್ಕಿಯಿಲ್ಲ. ಇಂಥ ಕಡೆ ದಿನಾ ಒಬ್ಬರೇ ಬರುತ್ತಾರಲ್ಲ ಎಂದುಕೊಂಡೆ. ಮನಸ್ಸು ಬೇರೆ ಕಡೆ ತಿರುಗಿಸಲು, "ಕೊಡ್ರಿ, ನಾ ಹೊಡೀತೀನಿ," ಎಂದೆ. ಅವರು ನಕ್ಕು ಜಾಗ ಬಿಟ್ಟರು.

ಸ್ವಲ್ಪ ದೂರ ಚೆನ್ನಾಗಿಯೇ ಹೋಯಿತು. ಒಂದು ಇಳಿಜಾರಿನ ಬುಡದಲ್ಲಿ ಗಾಡಿ ಮುಗ್ಗರಿಸಿತು, ಹಿಂದಿನ ಗಾಲಿ ತಿರುಗಿತು. ನನ್ನ ಕಾಲು ತಾನಾಗಿಯೇ ಒತ್ತಿತು. ಅವರು "ಬಿಡು, ಬಿಡು!" ಎನ್ನುತ್ತಿದ್ದರು. ನಾನು ಇನ್ನೂ ಒತ್ತಿದೆ. ಗಾಡಿಯ ಬೆನ್ನು ಕುಸಿಯಿತು, ಮರಳು ಕಿಟಕಿಯವರೆಗೆ ಹಾರಿತು, ಇಂಜಿನ್ನು ನಿಂತಿತು. ಇಳಿದು ನೋಡಿದರೆ ಹಿಂದಿನ ಗಾಲಿಗಳು ಪೂರ್ತಿ ಹೂತಿದ್ದವು.

"ಬಿಡು ಅಂದ್ರ ಯಾಕ ಒತ್ತಿದಿ?"

"ನೀವಽ ಕಲಿಸಿದ್ದು," ಎಂದೆ. ನನಗೂ ಸಿಟ್ಟು ಬಂದಿತ್ತು. "ಸಿಕ್ಕೊಂಡ್ರ ಕಾಲು ತೆಗೀಬ್ಯಾಡ, ಒತ್ತು, ಟೈರು ಇಳಕೊಂತ ಹೋಗಿ ಗಟ್ಟಿ ನೆಲ ಹಿಡೀತೈತಿ ಅಂತ ಹೇಳಿದವರು ಯಾರು?"

ಅವರು ನನ್ನನ್ನೇ ನೋಡಿದರು. ಸಿಟ್ಟು ಇಳಿದುಹೋಯಿತು. "ಅದು ನಮ್ಮ ಗದ್ದ್ಯಾಗ. ಕೆಸರಿನ ಬುಡಕ್ಕ ಗಟ್ಟಿ ನೆಲ ಐತಿ. ಇಲ್ಲಿ ಎಷ್ಟು ಇಳದ್ರೂ ಮರಳಽ."

ಗಾಡಿಯ ನೆರಳಿಗೆ ಕೂತೆವು. ಕೈಯಿಂದ ಮರಳು ತೋಡಿದಷ್ಟೂ ತುಂಬಿಕೊಳ್ಳುತ್ತಿತ್ತು. ಇನ್ನೊಂದು ಗಾಡಿ ಬಂದು ಎಳೆಯಬೇಕು, ಬೇರೆ ದಾರಿಯಿಲ್ಲ ಎಂದರು.

"ನೀವೊಬ್ರಽ ಇದ್ದಾಗ ಹಿಂಗಾದ್ರ?"

"ಕುಂದರತೀನಿ. ಯಾರರ ಬರತಾರ."

"ಬರಲಿಲ್ಲಂದ್ರ?"

ಅವರು ಮರಳಿನಲ್ಲಿ ಬೆರಳಾಡಿಸಿದರು. "ಒಮ್ಮೆ ಬರಲಿಲ್ಲ. ಟೈರು ಛಲೋ ಇರಲಿಲ್ಲ ಆವಾಗ. ಎರಡು ದಿನ ಕುಂತಿದ್ದೆ. ಟ್ಯಾಂಕಿ ತುಂಬ ನೀರಿತ್ತು, ಅದಕ್ಕ ಉಳಿದೆ. ಬರೂವಾಗ ಆಗಿದ್ರ ಖಾಲಿ ಟ್ಯಾಂಕಿ ಇರತಿತ್ತು."

ಅವರು ಇದನ್ನು ಊರಿನಲ್ಲಿ ಯಾರಿಗೂ ಹೇಳಿರಲಿಲ್ಲ. ಆ ಎರಡು ದಿನ ನಾನು ಮಸ್ಕಿಯಲ್ಲಿ ಏನು ಮಾಡುತ್ತಿದ್ದೆನೋ! ಪರೀಕ್ಷೆ ಪೇಪರು ತಿದ್ದುತ್ತಿದ್ದೆನೋ, ಯಾರದೋ ಮದುವೆಯಲ್ಲಿ ಉಣ್ಣುತ್ತಿದ್ದೆನೋ. ಆಮೇಲೆ ಹೂತುಹೋಗಿದ್ದ ಟೈರಿನ ಕಡೆ ನೋಡಿದೆ. ಅದನ್ನು ಆರಿಸಿದವಳು ನಾನು.

ಕೊನೆಗೆ ಕೇಳಿದೆ. "ಬರತೀರೋ ಇಲ್ಲೋ? ಒಂದ ಮಾತು ಹೇಳ್ರಿ."

ಅವರು ಕೈಯ ಮರಳು ಕೊಡವಿಕೊಂಡರು. "ಹೋದ ಸಲ ಬಂದಾಗ ನೋಡಿದಿಲ್ಲೋ? ಮನ್ಯಾಗ ನಾ ಬೀಗರಂಗ ಕುಂತಿದ್ದೆ. ನೀ ಸಾಲಿಗೆ ಹೋದ ಮ್ಯಾಲ ಸಿಂಧನೂರಿಗೆ ಹೋಗಿ ಲಾರಿ ನಿಲ್ಲೂ ಜಾಗಾದಾಗ ನಿಂತು ಬರತಿದ್ದೆ. ಬರಬೇಕಂತ ಮನಸೈತಿ. ಬಂದ್ರ ಇರಾಕ ಆಗೂದಿಲ್ಲ ನನಗ. ಅಲ್ಲಿ ನಾ ಯಾರ್ದೋ ಗಾಡಿ ಹೊಡಿಯಾಂವ. ಇಲ್ಲಿ..." ಎಂದು ಮುಂದೆ ಹೇಳಲಿಲ್ಲ.

ಡೇರೆ

ಮಧ್ಯಾಹ್ನ ಕಳೆದ ಮೇಲೆ ದಿಬ್ಬದ ಆಚೆಯಿಂದ ಒಂದು ಹಳೆಯ ಪಿಕಪ್ಪು ಬಂತು. ಹೊಡೆಯುತ್ತಿದ್ದವಳು ಹೆಂಗಸು! ಮುಖವಾಡ, ಬರಿಗಾಲು, ಪಕ್ಕದ ಸೀಟಿನಲ್ಲಿ ಮೇಕೆಮರಿ. ನೀರು ಬರಲಿಲ್ಲವೆಂದು ಹುಡುಕಿಕೊಂಡು ಬಂದಿದ್ದಳು. ಉಮ್ ಸಾಲೆಮ್, ಅಂದರೆ ಸಾಲೆಮ್‌ನ ತಾಯಿ ಎಂದು ನಮ್ಮವರು ಹೇಳಿದರು. ಆಕೆ ನನ್ನ ಟೈರನ್ನು ಒದ್ದು ನೋಡಿ ಏನೋ ಬೈದಳು. ನಮ್ಮವರು ನನ್ನ ಕಡೆ ಬೆರಳು ತೋರಿಸಿದರು. ಆಕೆ ಸೊಂಟ ಹಿಡಿದುಕೊಂಡು ನಕ್ಕಳು. ನಗು ಮುಗಿದ ಮೇಲೆ ಹಗ್ಗ ಕಟ್ಟಿ ಎಳೆದು ತೆಗೆದಳು.

ಅವರ ಡೇರೆಯಲ್ಲಿ ಪುಟ್ಟ ಬಟ್ಟಲಿನಲ್ಲಿ ಕಹಿ ಕಾಫಿ ಕೊಟ್ಟರು. ಖಾಲಿ ಮಾಡಿದರೆ ಮತ್ತೆ ಸುರಿದರು. ಉಳಿಸುವುದು ಮರ್ಯಾದೆಯಲ್ಲವೆಂದು ಕುಡಿದೆ, ಮತ್ತೆ ಸುರಿದರು. ನನ್ನ ಕಣ್ಣು ಮೇಲಾಗುವ ಹೊತ್ತಿಗೆ ನಮ್ಮವರು ಬಟ್ಟಲನ್ನು ಆಚೀಚೆ ಅಲುಗಿಸಿ ತೋರಿಸಿದರು. ಅಲ್ಲಿ ಸಾಕೆಂದು ಬಾಯಿಂದ ಹೇಳುವುದಿಲ್ಲ, ಬಟ್ಟಲು ಅಲುಗಿಸುತ್ತಾರೆ.

ಹೊರಗೆ ಟ್ಯಾಂಕಿಯಿಂದ ನೀರು ಇಳಿಯುತ್ತಿತ್ತು. ಮೇಕೆಗಳು ನುಗ್ಗಿದವು. ಮುದುಕನೊಬ್ಬ ಡೇರೆಯಿಂದ ಡೇರೆಗೆ "ಅಮರ್! ಅಮರ್!" ಎಂದು ಕೂಗುತ್ತ ಹೋದ, ಎಲ್ಲರೂ ಪಾತ್ರೆ ಹಿಡಿದು ಬಂದರು. ನಮ್ಮವರು ಅವರ ಭಾಷೆಯಲ್ಲಿ ಏನೋ ಹೇಳಿ ಗಟ್ಟಿಯಾಗಿ ನಕ್ಕರು. ದಢೇಸುಗೂರಿನ ಗದ್ದೆಯಲ್ಲಿ ಅವರು ನಗುತ್ತಿದ್ದ ಆ ನಗುವನ್ನು ನಾನು ಎಷ್ಟೋ ವರ್ಷದಿಂದ ಕೇಳಿರಲಿಲ್ಲ. ಕೇಳಿ ಸಂತೋಷವಾಯಿತು, ಹೊಟ್ಟೆಯೂ ಉರಿಯಿತು. ಮರಳಿನಲ್ಲಿ ಕೂತು "ಇಲ್ಲಿ..." ಎಂದು ಅವರು ಮುಗಿಸದ ಮಾತು ಯಾವುದೆಂದು ತಿಳಿಯಿತು. ಅಷ್ಟು ಜನರ ನಡುವೆ ಬಟ್ಟಲು ಹಿಡಿದು ನಾನೊಬ್ಬಳೇ ಕೂತಿದ್ದೆ.

ಮತ್ತೆ ಅಂಗಡಿ

ನಾನು ಹೊರಡುವ ದಿನ ಮಸ್ಕತ್ತಿಗೆ ಹೋಗುವ ಮುಂಚೆ ಖಾಜಾಸಾಬರ ಅಂಗಡಿಯ ಮುಂದೆ ಗಾಡಿ ನಿಲ್ಲಿಸಲು ಹೇಳಿದೆ. ಖಾಜಾಸಾಬರು ಲಿಂಗಸುಗೂರಿನ ತಮ್ಮ ಮನೆಯವರಿಗೆ ಕೊಡಲು ಒಂದು ಡಬ್ಬಿ ಖರ್ಜೂರ ಹಿಡಿದು ಬಂದರು.

"ಖಾಜಾಸಾಬ್ರ, ಈ ಟೈರು ಬಿಚ್ರಿ," ಎಂದೆ. "ಆ ಇನ್ನೊಂದು ಹಾಕ್ರಿ. ಐದು ವರ್ಷದ್ದು."

ನಮ್ಮವರು ಸ್ಟಿಯರಿಂಗಿನಿಂದ ಕೈ ತೆಗೆಯಲಿಲ್ಲ. "ತಿಳದು ಹೇಳಾಕತ್ತೀಯೇನು?"

"ಭೂಗೋಳ ಕಲಸಾಕಿ ನಾ. ಯಾವ ನೆಲಕ್ಕ ಯಾವುದು ಅಂತ ತಿಳೀಲಿಲ್ಲಂದ್ರ ಹೆಂಗ?" ಎಂದೆ. ತಮಾಷೆಯಾಗಿ ಹೇಳಬೇಕೆಂದಿದ್ದೆ, ಆಗಲಿಲ್ಲ.

ಅವರು ಇಳಿದು ಅಂಗಡಿಯ ಹಿಂದಕ್ಕೆ ಹೋದರು. ತಿರುಗಿ ಬಂದಾಗ ಮುಖ ತೊಳೆದುಕೊಂಡಿದ್ದರು. ಖಾಜಾಸಾಬರು ನಾಲ್ಕೂ ಗಾಲಿ ಬಿಚ್ಚಿ ಹೊಸದು ಹಾಕಿದರು. ಮಸ್ಕತ್ತಿನವರೆಗೆ ಟೈರು ಒದರಲಿಲ್ಲ. ಒಬ್ಬರ ಮಾತು ಒಬ್ಬರಿಗೆ ಕೇಳುವಂತಿತ್ತು, ಆದರೆ ಇಬ್ಬರೂ ಆಡಲಿಲ್ಲ. ನನ್ನ ಕೈ ಅವರ ಕೈಯ ಕೆಳಗೆ, ಗೇರಿನ ಮೇಲಿತ್ತು.

ಮಸ್ಕಿ

ಶಾಲೆ ಶುರುವಾಯಿತು. ಹೆಡ್‌ಮಾಸ್ತರರಿಗೆ ಮಷಿನ್ನು ಕೊಟ್ಟೆ, ಅತ್ತರು ಹಂಚಿದೆ. ಲಿಂಗಸುಗೂರಿಗೆ ಹೋಗಿ ಖಾಜಾಸಾಬರ ಮನೆಗೆ ಖರ್ಜೂರ ಮುಟ್ಟಿಸಿದೆ. ಬಸ್‌ಸ್ಟ್ಯಾಂಡಿನ ಎದುರು ಮಿರ್ಚಿ ಕರಿಯುವವಳು ಇದ್ದಳು. ಒಲೆ ಮಾತ್ರ ಒಂದೇ.

"ಮಾಸ್ತರಬಾಯಿ, ನಿಮ್ಮ ಮನಿಯವ್ರು ಯಾವಾಗ ಬರತಾರ್ರೀ?" ಎಂದು ಈಗಲೂ ಕೇಳುತ್ತಾರೆ. ಮೊದಲು "ಮುಂದಿನ ವರ್ಷ" ಎನ್ನುತ್ತಿದ್ದೆ. ಈಗ "ಟೈರು ಸವದ ಮ್ಯಾಲ" ಎನ್ನುತ್ತೇನೆ. ಅವರು ನಗುತ್ತಾರೆ.

ತಿಂಗಳಿಗೊಮ್ಮೆ ಎಸ್.ಟಿ.ಡಿ. ಬೂತಿಗೆ ಅವರ ಫೋನು ಬರುತ್ತದೆ. ಯಾವಾಗ ಬರುತ್ತೀರಿ ಎಂದು ನಾನು ಕೇಳುವುದಿಲ್ಲ.

"ಟೈರು ಹೆಂಗದಾವ್ರೀ?" ಎನ್ನುತ್ತೇನೆ.

"ಹೊಸಾವು ಇದ್ದಂಗ ಅದಾವ," ಎನ್ನುತ್ತಾರೆ ಆ ಕಡೆಯಿಂದ. "ಒಂಚೂರೂ ಸವದಿಲ್ಲ."

"ಛಲೋ ಆತು," ಎನ್ನುತ್ತೇನೆ.